ಬಲಗೈ ಮಣಿಕಟ್ಟಿನ ಗುರುತು

ಜುಲೈ ೩

ಗಿಣೀ,

ನೀನು ಪಾಸಾಗಿ ಎರಡನೇ ವರ್ಷಕ್ಕೆ ಬಂದ ಸುದ್ದಿಯನ್ನು ಪ್ರೆಸ್ಸಿನಲ್ಲಿ ಎಲ್ಲರಿಗೂ ಹಂಚಿದೆ. ಸಿಹಿ ಹಂಚಲಿಲ್ಲ, ಸುದ್ದಿ ಮಾತ್ರ. ಮ್ಯಾನೇಜರು "ತಂಗಿ ಏನು ಓದ್ತಿದಾಳೆ?" ಎಂದು ಕೇಳಿದರು. ಸಮಾಜಕಾರ್ಯ ಅಂದೆ. ಆತ ಕನ್ನಡಕ ಕೆಳಗಿಳಿಸಿ, "ಅಯ್ಯೋ, ಸಮಾಜ ಹೋಗಿದ್ದು ಯಾವಾಗ? ಕಾರ್ಯದವರೆಗೂ ಬಂತಾ?" ಅಂದರು. ಇಡೀ ದಿನ ಬೇರೆಯವರ ಕರಡು ತಿದ್ದುತ್ತ ಕೂರುವ ನನಗೆ ಹೊಳೆಯಬೇಕಾಗಿದ್ದ ಮಾತು ಅವರಿಗೆ ಹೊಳೆಯಿತಲ್ಲ ಎಂದು ಮಧ್ಯಾಹ್ನದ ಊಟ ಸೇರಲಿಲ್ಲ.

ಆದರೂ ಒಂದು ಅನುಮಾನ ಕೇಳಿಬಿಡುತ್ತೇನೆ. ಡಾಕ್ಟರಿಕೆ ಓದಿದವರ ಕೈಗೆ ಸೂಜಿ ಕೊಡುತ್ತಾರೆ, ವಕೀಲಿಕೆ ಓದಿದವರ ಮೈಗೆ ಕೋಟು ಹಾಕುತ್ತಾರೆ. ನಿಮಗೆ ಏನು ಕೊಡುತ್ತಾರೆ? ಬಗಲಚೀಲ ಒಂದೇ ಎಂದಾದರೆ ಅದು ಮನೆಯಲ್ಲೇ ಇತ್ತಲ್ಲೇ, ಎರಡು ವರ್ಷ ಓದಬೇಕಿತ್ತಾ?

ಅಮ್ಮ ಚೆನ್ನಾಗಿದ್ದಾಳೆ. ಈಗ ಬಹುಪಾಲು ಬಸ್ಸಿನಲ್ಲಿರುತ್ತಾಳೆ. ನಿವೃತ್ತಿಯಾಗುವ ತನಕ ಶಾಲೆಗೆ ಬಸ್ಸಿನಲ್ಲೇ ಓಡಾಡಿದವಳಲ್ಲವಾ, ಬುದ್ಧಿ ಬೇರೆಲ್ಲ ಕಡೆಯಿಂದ ಎದ್ದು ಬಂದು ಅದೊಂದೇ ಸೀಟಿನಲ್ಲಿ ಕೂತುಬಿಟ್ಟಿದೆ. ಮನೆಯಲ್ಲಿ ನಾನು ಕರಡು ತಿದ್ದುವ ಮೇಜಿನ ಪಕ್ಕದ ಕುರ್ಚಿಯೇ ಅವಳ ಸೀಟು. ನಾನು ಕಂಡಕ್ಟರು. ಹಳೆಯ ಕರಡಿನ ಅಂಚು ಹರಿದು ಟಿಕೇಟು ಕೊಡುತ್ತೇನೆ. ಹಿಂದೆ ಮುಂದೆ ತಿರುಗಿಸಿ ನೋಡಿ ತೋಳಿನ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಾಳೆ. ಮೊನ್ನೆ ಚಿಲ್ಲರೆ ಕೇಳಿದಳು. ಇಲ್ಲ ಎಂದೆ. "ನಿಮ್ಮ ಜಾತಿಯೇ ಅಷ್ಟು, ಇಳಿಯುವಾಗ ಕೊಡ್ತೀನಿ ಅಂತೀರ" ಎಂದು ಮುಖ ತಿರುಗಿಸಿದಳು. ಅವಳ ಮಟ್ಟಿಗೆ ನಾನು ಮಗನಾಗಿ ಪಾಸಾಗಲಿಲ್ಲ, ಕಂಡಕ್ಟರಾಗಿಯೂ ಫೇಲು.

ಕೆಳಮನೆಯ ನಿವೃತ್ತ ನರ್ಸಮ್ಮ ನಾನು ಪ್ರೆಸ್ಸಿಗೆ ಹೋದಾಗ ಬಂದು ಕೂರುತ್ತಾರೆ. ಅವರ ಮುಖ ಕಂಡರೆ ಸಾಕು, ಅಮ್ಮ ಬಸ್ಸು ಇಳಿದು ಹಾಸಿಗೆಯಲ್ಲಿ ಕಣ್ಣು ಮುಚ್ಚಿ ಮಲಗುತ್ತಾಳೆ. ಸೂಜಿಯ ಭಯ.

ಫೋನು ಮಾಡಬೇಡ. ರಿಂಗಾದರೆ ಸ್ಟಾಪು ಬಂತೆಂದು ಎದ್ದು ಬಾಗಿಲಿಗೆ ಹೊರಡುತ್ತಾಳೆ. ಕಾಗದ ಬರೆ. ಕಾಗದ ಸದ್ದು ಮಾಡುವುದಿಲ್ಲ.

ನಿನ್ನ ಅಣ್ಣ

ಜುಲೈ ೧೫

ಅಣ್ಣಾ,

ಏನು ಕೊಡುತ್ತಾರೆ ಎಂದು ಕೇಳಿದ್ದೀಯ. ನಮಗಿಂತ ಹಿಂದಿನ ಬ್ಯಾಚುಗಳವರನ್ನೇ ನೋಡು. ಒಬ್ಬಳು ಆಸ್ಪತ್ರೆಯಲ್ಲಿದ್ದಾಳೆ, ವಾಸಿಯಾದವರನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ಮನೆಯವರಿಗೆ ಕೈಮುಗಿಯುವ ಕೆಲಸ. ಒಬ್ಬ ಜೈಲಿನಲ್ಲಿದ್ದಾನೆ, ಗಾಬರಿಯಾಗಬೇಡ, ನೌಕರಿಗೆ. ಇನ್ನೊಬ್ಬ ಫ್ಯಾಕ್ಟರಿಯಲ್ಲಿ ಕಲ್ಯಾಣಾಧಿಕಾರಿ. ಕಾರ್ಮಿಕರ ಕಲ್ಯಾಣ ಎಷ್ಟಾಯಿತೋ ಗೊತ್ತಿಲ್ಲ, ಅಲ್ಲೇ ಟೈಪಿಸ್ಟ್ ಹುಡುಗಿಯ ಜೊತೆ ಅವನ ಕಲ್ಯಾಣವಂತೂ ಆಯಿತು. ಮತ್ತೊಬ್ಬಳು ಒಂದು ಸಂಸ್ಥೆಯಲ್ಲಿ ದಾನಿಗಳಿಗೆ ವರದಿ ಬರೆಯುತ್ತಾಳೆ. ಬಡವರನ್ನು ನೋಡಿ ಎರಡು ವರ್ಷವಾಯಿತಂತೆ, ಆದರೆ ಅವರ ಬಗ್ಗೆ ತುಂಬ ಚೆನ್ನಾಗಿ ಬರೆಯುತ್ತಾಳಂತೆ.

ನನ್ನನ್ನು ಕ್ಷೇತ್ರಕಾರ್ಯಕ್ಕೆ ಹಿರಿಯರ ರಕ್ಷಣಾ ಘಟಕಕ್ಕೆ ಹಾಕಿದ್ದಾರೆ. ವಯಸ್ಸಾದವರನ್ನು ಮನೆಯಲ್ಲಿ ಯಾರಾದರೂ ಹೊಡೆದರೆ, ಉಪವಾಸ ಕೆಡವಿದರೆ ದೂರು ಬರುವ ಜಾಗ. ನೀಲಿ ಗೋಡೆ, ತೂತಾದ ಸೋಫಾ, ಮೂಲೆಯಲ್ಲಿ ನೀರಿನ ಕ್ಯಾನು. ವಾರಕ್ಕೆ ಎರಡು ದಿನ ಹೋಗುತ್ತೇನೆ. ಇಲ್ಲಿಯವರೆಗೆ ನಾನು ರಕ್ಷಿಸಿದ್ದು ಫೈಲುಗಳನ್ನು, ಗೆದ್ದಲಿನಿಂದ. ಮನೆಭೇಟಿಗೆ ವಿದ್ಯಾರ್ಥಿಗಳನ್ನು ಕರೆದೊಯ್ಯುವುದಿಲ್ಲ, ಜೀಪಿನಲ್ಲಿ ಜಾಗವಿಲ್ಲ, ಫೋನು ಎತ್ತಲು ಕೂರಿಸುತ್ತಾರೆ.

ತೊಂದರೆ ಏನೆಂದರೆ, ಪ್ರತಿ ವಿದ್ಯಾರ್ಥಿಯೂ ತಾನು ನೋಡಿಕೊಂಡ ಒಂದು ಕೇಸನ್ನು ತರಗತಿಯ ಮುಂದೆ ಮಂಡಿಸಬೇಕು. ಘಟಕದಲ್ಲಿ ಒಂದು ಹುದ್ದೆ ಖಾಲಿ ಇದೆ, ಓದುತ್ತಲೇ ಸೇರಬಹುದು, ನಮ್ಮ ಮೇಡಂ ಯಾರ ಕೇಸು ಮೆಚ್ಚುತ್ತಾರೋ ಅವರ ಹೆಸರನ್ನು ಅಲ್ಲಿಗೆ ಕಳಿಸುತ್ತಾರೆ. ನಾನು ಬರೆದುಕೊಟ್ಟ ಎಲ್ಲದರ ಮೇಲೂ ಮೇಡಂ ಕೆಂಪು ಶಾಯಿಯಲ್ಲಿ ಒಂದೇ ಮಾತು ಹಾಕಿದ್ದಾರೆ: ಆಳವಿಲ್ಲ. ಫೋನಿನಲ್ಲಿ "ನಮಸ್ಕಾರ, ಹೇಳಿ" ಎನ್ನುವುದರಲ್ಲಿ ಎಷ್ಟು ಆಳ ಇರಲು ಸಾಧ್ಯ? ಬಾವಿ ತೋಡಲಾ?

ಹೊಸದಾಗಿ ಒಂದು ವಿದ್ಯೆ ಕಲಿತಿದ್ದೇವೆ. ಎದುರಿನವರು ಹೇಳಿದ್ದನ್ನೇ ತಿರುಗಿಸಿ ಅವರಿಗೇ ಹೇಳುವುದು. ಆಗ ಅವರು ಮನಸ್ಸು ಬಿಚ್ಚುತ್ತಾರಂತೆ. ನಿನ್ನ ಮೇಲೆ ಪ್ರಯೋಗ ಮಾಡುತ್ತೇನೆ: "ನೀನು ಮಗನಾಗಿ ಪಾಸಾಗಲಿಲ್ಲ ಎಂದು ನಿನಗೆ ಅನ್ನಿಸುತ್ತಿದೆ." ಈಗ ಬಿಚ್ಚು. ತಮಾಷೆ ಅಲ್ಲ ಅಣ್ಣ, ನಿಜವಾಗಿ ಹೇಗೆ ಸಂಭಾಳಿಸುತ್ತಿದ್ದೀಯ? ಎಲ್ಲ ಬರೆ.

ಗಿಣಿ

ಆಗಸ್ಟ್ ೨

ಗಿಣೀ,

ನಿನಗೆ ಚಿಕ್ಕಂದಿನಲ್ಲಿ ಅಮ್ಮ ಇಟ್ಟ ಹೆಸರಿಗೆ ಈಗ ವಿಶ್ವವಿದ್ಯಾಲಯವೇ ಮುದ್ರೆ ಒತ್ತಿದೆ. ಹೇಳಿದ್ದನ್ನೇ ಹೇಳುವುದಕ್ಕೆ ಎರಡು ವರ್ಷದ ಗಿಣಿಶಾಸ್ತ್ರ!

ಎಲ್ಲ ಬರೆ ಅಂದೆಯಲ್ಲ, ಬರೆಯುತ್ತೇನೆ.

ಹೋದ ತಿಂಗಳು ಒಂದು ಮಧ್ಯಾಹ್ನ ನಾನು ಕರಡಿನಲ್ಲಿ ಮುಳುಗಿದ್ದೆ. ತಲೆ ಎತ್ತಿ ನೋಡಿದರೆ ಕುರ್ಚಿ ಖಾಲಿ. ಬಾಗಿಲು ತೆರೆದಿತ್ತು. ನಮ್ಮ ಮೆಟ್ಟಿಲು ನಿನಗೆ ಗೊತ್ತಲ್ಲ, ಕೊನೆಯ ಮೆಟ್ಟಿಲು ಇಳಿದರೆ ರಸ್ತೆಯೇ. ಲಾರಿ ಅವಳಿಂದ ಒಂದು ಮಾರು ದೂರದಲ್ಲಿ ನಿಂತಿತ್ತು. ಅಮ್ಮ ಅದರ ಮುಂದೆ ನಿಂತು, ಇದು ತನ್ನ ಬಸ್ಸಲ್ಲ ಎಂದು ಡ್ರೈವರನಿಗೆ ಹೇಳುತ್ತಿದ್ದಳು. ಅವನು ನನ್ನನ್ನು ಬೈದ ಬೈಗುಳಗಳಲ್ಲಿ ತಿದ್ದುವಂಥದ್ದು ಒಂದೂ ಇರಲಿಲ್ಲ.

ಬಾಗಿಲಿಗೆ ಬೀಗ ಹಾಕಿ ನೋಡಿದೆ. ಬೀಗ ಕಂಡರೆ ತಲೆಯಿಂದ ಬಾಗಿಲು ಗುದ್ದುತ್ತಾಳೆ. ಅದಕ್ಕೆ ಹಳೆಯ ಬೆಡ್‌ಶೀಟನ್ನು ಅಗಲವಾಗಿ ಮಡಿಸಿ ಅವಳ ಸೊಂಟಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ನನ್ನ ಮೇಜಿನ ಕಾಲಿಗೆ ಕಟ್ಟುತ್ತೇನೆ. ನಾನು ಕೆಲಸಕ್ಕೆ ಕೂತಷ್ಟು ಹೊತ್ತು ಮಾತ್ರ. ಸೀಟ್ ಬೆಲ್ಟ್ ಎಂದು ಹೆಸರಿಟ್ಟಿದ್ದೇನೆ. ಅವಳು ಏಳಲು ಹೋದರೆ ನನ್ನ ಮೇಜು ಅಲ್ಲಾಡುತ್ತದೆ, ನನಗೆ ತಿಳಿಯುತ್ತದೆ. ನರ್ಸಮ್ಮ ನೋಡಿ, ಗಂಟು ಇನ್ನೂ ಸಡಿಲ ಇರಲಿ ಅಂದರು. ಸಡಿಲ ಮಾಡಿದೆ.

ಕಟ್ಟಿದ ಮೊದಲ ದಿನ ಅದೇನಾಯಿತೋ, ಅವಳಿಗೆ ನನ್ನ ಗುರುತು ಸಿಕ್ಕಿಬಿಟ್ಟಿತು. ಎಷ್ಟೋ ತಿಂಗಳ ಮೇಲೆ. "ಯಾಕೋ ಕಟ್ಟಿದೆ?" ಅಂದಳು. ಕಂಡಕ್ಟರಿಗೆ ಯಾರೂ ಹಾಗೆ ಕೇಳುವುದಿಲ್ಲ. "ಬಸ್ಸು ಜೋರಾಗಿ ಹೋಗ್ತಿದೆಯಮ್ಮ" ಅಂದೆ. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ಬಿಚ್ಚಿಯಾಯಿತು. ಸಾಕಾ ಆಳ?

ಅಣ್ಣ

ಆಗಸ್ಟ್ ೨೪

ಅಣ್ಣಾ,

ನಿನ್ನ ಕಾಗದ ಎರಡು ಸಲ ಓದಿದೆ. ಸಮಾಧಾನ ಹೇಳಲು ಕೂತರೆ ನಮ್ಮ ಪುಸ್ತಕದ ಮಾತುಗಳೇ ಬರುತ್ತವೆ, ಅದಕ್ಕೆ ಬಿಟ್ಟೆ.

ಇಲ್ಲಿ ಒಂದು ಒಳ್ಳೆಯ ಸುದ್ದಿ. ಮೊನ್ನೆ ತರಗತಿಯಲ್ಲಿ ನನ್ನ ಕೇಸು ಮಂಡಿಸಿದೆ. ಮುಪ್ಪಿನ ತಾಯಿ, ಒಂಟಿ ಮಗ. ಮುಗಿದಾಗ, ಯಾವಾಗಲೂ ಹಿಂದಿನ ಬೆಂಚಿನಲ್ಲಿ ತೂಕಡಿಸುವವನೂ ಎದ್ದು ಕೂತಿದ್ದ. ಮೇಡಂ ಕೆಂಪು ಪೆನ್ನಿನ ಮುಚ್ಚಳವನ್ನೇ ತೆಗೆಯಲಿಲ್ಲ. "ಇವತ್ತು ನೀನು ಕೆಲಸಗಾರ್ತಿಯಾದೆ" ಅಂದರು. ಹುದ್ದೆಗೆ ನನ್ನ ಹೆಸರು ಕಳಿಸುತ್ತಾರಂತೆ. ಸಂಬಳ ಬಂದರೆ ಅಮ್ಮನಿಗೆ ಇಡೀ ದಿನದ ಆಯಾ ಇಡೋಣ, ನೀನು ಮತ್ತೆ ಪ್ರೆಸ್ಸಿನಲ್ಲೇ ಕೂತು ಕೆಲಸ ಮಾಡಬಹುದು.

ಕೇಸು ಹೇಗೆ ಸಿಕ್ಕಿತು ಅಂತ ಕೇಳಬೇಡ. ಸ್ವಲ್ಪ ಒಗ್ಗರಣೆ ಬೇಕಾಯಿತು, ಎಲ್ಲರೂ ಹಾಕುತ್ತಾರೆ.

ಒಂದೇ ತಲೆನೋವು. ಇಂಥದ್ದು ಕಿವಿಗೆ ಬಿದ್ದ ಮೇಲೆ ಸುಮ್ಮನಿರುವ ಹಾಗಿಲ್ಲ, ಫೈಲ್ ನಂಬರ್ ಕೊಡು ಎಂದು ಮೇಡಂ ಹಿಂದೆ ಬಿದ್ದಿದ್ದಾರೆ. ನಾನು ಏನಾದರೂ ಮಾಡುತ್ತೇನೆ.

ನೀನು ಸ್ವಲ್ಪ ದಿನ ಆ ಸೀಟ್ ಬೆಲ್ಟ್ ಕಟ್ಟಬೇಡ ಅಣ್ಣ. ಸುಮ್ಮನೆ ಹೇಳಿದೆ.

ಗಿಣಿ

ಸೆಪ್ಟೆಂಬರ್ ೯

ಗಿಣೀ,

ಇವತ್ತು ನಮ್ಮ ಮನೆಗೆ ಸರ್ಕಾರ ಬಂದಿತ್ತು. ಜೀಪಿನಲ್ಲಿ. ನಿಮ್ಮದೇ ರಕ್ಷಣಾ ಘಟಕ, ಇಲ್ಲಿಯ ಶಾಖೆ. ಇಬ್ಬರು ಹೆಂಗಸರು, ಒಬ್ಬರು ಹಿರಿಯರು, ಇನ್ನೊಬ್ಬರು ಹೊಸಬರು. ಹೊಸಬರ ಬಗಲಲ್ಲಿ ಚೀಲವಿತ್ತು, ನನ್ನ ಊಹೆ ಸರಿಯಾಯಿತು ಎಂದು ಖುಷಿಪಟ್ಟೆ.

ಹಿರಿಯರು ಮೊದಲು ಕೇಳಿದ್ದು: "ಟಿಕೇಟು ಎಲ್ಲಿವೆ?" ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಮ್ಮನ ತೋಳಿನ ಮಡಿಕೆಯಿಂದ ತೆಗೆದು ತೋರಿಸಿದೆ. ಆಮೇಲೆ ಬೆಡ್‌ಶೀಟು. ಅದು ಇವತ್ತೂ ಮೇಜಿನ ಕಾಲಿಗೆ ಇತ್ತು. ನೀನು ಬೇಡ ಅಂದಿದ್ದೆ, ನಾನು ಕೇಳಲಿಲ್ಲ, ಲಾರಿಗಳೂ ಕೇಳುವುದಿಲ್ಲವಲ್ಲ. ಎಲ್ಲ ವಿವರಿಸಿದೆ. ಕೆಟ್ಟವರಲ್ಲ ಅವರು, ತಲೆಯಾಡಿಸಿದರು, ಬರೆದುಕೊಂಡರು.

ಆಮೇಲೆ ಹಿರಿಯರು "ಬಲಗೈ ನೋಡಿ" ಅಂದರು. ಹೊಸಬರು ಅಮ್ಮನ ಬಲ ಮಣಿಕಟ್ಟು ಹಿಡಿದರು. ಅಮ್ಮ ಬಿಡಿಸಿಕೊಳ್ಳಲು ನೋಡಿದಳು. ಟಿಕೇಟು ತೆಗೆದುಕೊಂಡಾಗಿದೆ ಎಂದು ಕೂಗಿದಳು. ಅವರು ಇನ್ನೂ ಗಟ್ಟಿಯಾಗಿ ಹಿಡಿದು ಬೆಳಕಿಗೆ ತಿರುಗಿಸಿದರು. ಅಮ್ಮನೂ ಸುಮ್ಮನೆ ಬಿಡಲಿಲ್ಲ, ಅವರ ಮೊಣಕೈಗೆ ಬಾಯಿ ಹಾಕಿದಳು. ಹಲ್ಲಿನ ಸೆಟ್ಟು ಮೇಜಿನ ಮೇಲಿತ್ತು, ಹಾಗಾಗಿ ಸರ್ಕಾರಕ್ಕೆ ನಷ್ಟವಾಗಲಿಲ್ಲ. ಕೈಯಲ್ಲಿ ಏನೂ ಇರಲಿಲ್ಲ. "ಏನೂ ಇಲ್ಲ ಮೇಡಂ" ಎಂದು ಹೊಸಬರು ಹೇಳಿದ್ದನ್ನು ನಾನೂ ಕೇಳಿದೆ, ಹಾಲು ತಂದುಕೊಟ್ಟ ನರ್ಸಮ್ಮನೂ ಕೇಳಿದರು.

ಇನ್ನೊಮ್ಮೆ ಬರುತ್ತಾರಂತೆ. ಯಾರು ದೂರು ಕೊಟ್ಟರೋ ಹೇಳುವ ಹಾಗಿಲ್ಲವಂತೆ. ನಿನಗೆ ಏನಾದರೂ ಅಂದಾಜು ಇದೆಯಾ?

ಅಣ್ಣ

ಸೆಪ್ಟೆಂಬರ್ ೧೪

ಅಣ್ಣಾ,

ಗಾಬರಿಯಾಗಬೇಡ. ಇಂಥ ಭೇಟಿಗಳು ಮಾಮೂಲು. ಕೇಳಿದ್ದಕ್ಕೆ ಉತ್ತರ ಕೊಡು, ಎದುರು ಮಾತಾಡಬೇಡ, ಜೋಕು ಮಾಡಬೇಡ. ಜೋಕು ಮಾಡಿದರೆ ವಿಷಯ ಮುಚ್ಚಿಡುತ್ತಿದ್ದಾರೆ ಎಂದು ಬರೆದುಕೊಳ್ಳುತ್ತಾರೆ, ನಮಗೆ ಹಾಗೇ ಹೇಳಿಕೊಟ್ಟಿದ್ದಾರೆ.

ದೂರು ಯಾರು ಬೇಕಾದರೂ ಕೊಟ್ಟಿರಬಹುದು. ಕಟ್ಟಡದಲ್ಲಿ ಅಷ್ಟು ಜನ ಇದ್ದಾರೆ. ಆ ಲಾರಿಯವನೂ ಇರಬಹುದು. ಅದನ್ನು ಕೆದಕುತ್ತ ಕೂರಬೇಡ.

ಮುಂದಿನ ವಾರ ನನ್ನ ಸಂದರ್ಶನ. ನೀಲಿ ಅಂಗಿ ಇಸ್ತ್ರಿಗೆ ಕೊಟ್ಟಿದ್ದೇನೆ. ಅಮ್ಮನನ್ನು ಕೇಳಿದೆ ಎಂದು ಹೇಳು.

ಗಿಣಿ

ಸೆಪ್ಟೆಂಬರ್ ೨೦

ಗಿಣೀ,

ಅಮ್ಮನನ್ನು ಕೇಳಿದೆ ಎಂದು ಹೇಳಲು ಅಮ್ಮ ಇಲ್ಲಿಲ್ಲ.

ಅವರು ಬಂದು ಹೋದ ಮರುದಿನವೇ ಅಮ್ಮನ ಬಲ ಮಣಿಕಟ್ಟು ನೀಲಿಗಟ್ಟಿತು. ಹೊಸಬರು ಹಿಡಿದಿದ್ದ ಜಾಗವೇ. ನರ್ಸಮ್ಮ ಐಸು ಇಟ್ಟರು. ಐದನೇ ದಿನ ಅವರು ಮತ್ತೆ ಬಂದರು, ಈ ಸಲ ಹಿರಿಯರ ಜೊತೆ ಬೇರೊಬ್ಬರು, ಒಬ್ಬ ಡಾಕ್ಟರು. ನೀಲಿ ಅಷ್ಟು ಹೊತ್ತಿಗೆ ಅಂಚಿನಲ್ಲಿ ಹಳದಿಯಾಗಿತ್ತು. ಫೋಟೋ ತೆಗೆದರು. ನಾನು ಹೇಳಿದೆ, ಇದು ನಿಮ್ಮ ಕೈಯಿಂದಲೇ ಆದದ್ದು ಎಂದು. ಹಿರಿಯರು ನನ್ನನ್ನು ನೋಡಿದ ರೀತಿಯನ್ನು ಹೇಗೆ ಬರೆಯಲಿ. ಕರಡಿನಲ್ಲಿ ತಪ್ಪು ಸಿಕ್ಕಾಗ ನಾನು ನೋಡುತ್ತೇನಲ್ಲ, ಹಾಗೆ. ಇದನ್ನೇ ನಿರೀಕ್ಷಿಸಿದ್ದೆ, ಇಲ್ಲೇ ಇದೆ ಎನ್ನುವ ಹಾಗೆ. ನರ್ಸಮ್ಮ ಸಾಕ್ಷಿ ಹೇಳಲು ಬಂದರೆ, ನೀವು ಇವರ ಸ್ನೇಹಿತರು ಎಂದರು.

ಪರಿಶೀಲನೆ ಮುಗಿಯುವ ತನಕ ಅಮ್ಮನನ್ನು ಸರ್ಕಾರಿ ಹಿರಿಯರ ಗೃಹದಲ್ಲಿ ಇಡುತ್ತಾರಂತೆ. ಜೀಪು ಕಂಡು ಅವಳು ತಾನಾಗಿಯೇ ಹತ್ತಿದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಈಗ ನೀನು ಒಂದು ವಿಷಯಕ್ಕೆ ಉತ್ತರ ಕೊಡು, ಉಳಿದದ್ದು ಬೇಡ. ಟಿಕೇಟಿನ ವಿಷಯ ನರ್ಸಮ್ಮನಿಗೂ ಗೊತ್ತಿರಲಿಲ್ಲ. ನಾನು ಅದನ್ನು ಹೇಳಿದ್ದು ಈ ಭೂಮಿಯ ಮೇಲೆ ನಿನಗೊಬ್ಬಳಿಗೇ. ಜೀಪು ಬಂದ ಮೊದಲ ದಿನವೇ ನನಗೆ ಗೊತ್ತಾಯಿತು. ನೀನಾಗಿ ಹೇಳುತ್ತೀಯ ಎಂದು ಅಂದಾಜು ಕೇಳಿ ಬರೆದೆ. ನೀನು ಲಾರಿಯವನ ಮೇಲೆ ಹಾಕಿದೆ. ಹೋಗಲಿ. ಆದರೆ ಬಲಗೈ? ನಾನು ನಿನಗೆ ಕೈಯ ಬಗ್ಗೆ ಒಂದಕ್ಷರ ಬರೆದಿಲ್ಲ. ಅವರು ಬಂದವರೇ ಯಾಕೆ ಬಲಗೈ ಹುಡುಕಿದರು?

ಅಣ್ಣ

ಅಕ್ಟೋಬರ್ ೬

ಅಣ್ಣಾ,

ತಡವಾಯಿತು. ನಾಲ್ಕು ಸಲ ಬರೆದು ಹರಿದೆ.

ಬಲಗೈ ಗುರುತು ನಾನು ಸೇರಿಸಿದ್ದು. ಬೆಡ್‌ಶೀಟು, ಲಾರಿ, ಟಿಕೇಟು ಎಲ್ಲ ನಿನ್ನವು. ಅಷ್ಟೇ ಆಗಿದ್ದರೆ ಮೇಡಂ ಅದನ್ನು ಆರೈಕೆ ಮಾಡುವವನ ಆಯಾಸ ಎಂದು ಪಕ್ಕಕ್ಕಿಡುತ್ತಿದ್ದರು. "ಬಲ ಮಣಿಕಟ್ಟಿನ ಮೇಲೆ ನೀಲಿ ಗುರುತು ಕಂಡುಬಂದಿತು" ಎಂದು ಒಂದು ಸಾಲು ಹಾಕಿದೆ. ಒಂದೇ ಸಾಲು. ಯಾರ ಹೆಸರೂ ಇರಲಿಲ್ಲ, ಯಾರಿಗೂ ಏನೂ ಆಗುವುದಿಲ್ಲ ಅಂದುಕೊಂಡೆ. ಮೇಡಂ ಫೈಲ್ ಹುಡುಕಿದರು, ಇರಲಿಲ್ಲ. ಕೇಸು ಕಟ್ಟುಕಥೆಯಾದರೆ ಕೋರ್ಸಿನಿಂದ ಹೊರಗೆ, ನಿಜವಾದರೆ ವಿಳಾಸ ಕೊಡು ಎಂದರು. ಪರಿಚಯದವರು ಎಂದು ಹೇಳಿ ನಮ್ಮ ಮನೆಯ ವಿಳಾಸ ಕೊಟ್ಟೆ. ಅವರು ಬಂದು ನೋಡಿದರೆ ಗುರುತು ಇರುವುದಿಲ್ಲ, ಫೈಲು ಮುಚ್ಚುತ್ತಾರೆ ಎಂಬ ಧೈರ್ಯ.

ಆದರೆ ಗುರುತು ಇತ್ತು ಅಣ್ಣ.

ನಾನು ಕಲ್ಪಿಸಿಕೊಂಡ ಕೈಯ ಮೇಲೆ, ಕಲ್ಪಿಸಿಕೊಂಡ ಬಣ್ಣದ್ದೇ ಗುರುತು. ಫೋಟೋದ ಪ್ರತಿ ನಮ್ಮ ಘಟಕಕ್ಕೂ ಬಂದಿದೆ, ನೋಡಿದೆ. ಹಳದಿ ಅಂಚು ಎಂದರೆ ಕೆಲವು ದಿನದ ಹಿಂದಿನದು ಎಂದು ಡಾಕ್ಟರು ಬರೆದಿದ್ದಾರೆ. ಮನೆಭೇಟಿ ಮಾಡಿದವರ ಮೇಲೇ ಮನೆಯವರು ತಪ್ಪು ಹೊರಿಸುವುದು ಎಷ್ಟು ಸಾಮಾನ್ಯ ಎಂದು ನಮಗೆ ಪಾಠವೇ ಇದೆ. ನಾನು ಸುಳ್ಳು ಬರೆದೆ ಎಂದು ಒಂದು ತಿಂಗಳು ನಿದ್ದೆಗೆಟ್ಟೆ. ಈಗ ಅನ್ನಿಸುತ್ತಿದೆ, ನಿನ್ನ ಕಾಗದದಲ್ಲಿ ನೀನು ಬರೆಯದೆ ಬಿಟ್ಟದ್ದನ್ನೇ ನಾನು ಓದಿದೆನೇನೋ.

ನಿನ್ನನ್ನು ದೂರುತ್ತಿಲ್ಲ. ಒಬ್ಬನೇ ಇಷ್ಟು ವರ್ಷ ಎಳೆದಿದ್ದೀಯ. ಒಂದು ಸಲ ಕೈ ಜೋರಾಗಿ ಹಿಡಿದಿರಬಹುದು. ಒಪ್ಪಿಕೊಂಡರೆ ವಿಚಾರಣೆ ನಡೆಸುವ ಸಮಿತಿಯವರು ಆಪ್ತಸಮಾಲೋಚನೆಗೆ ಕಳಿಸಿ ಅಮ್ಮನನ್ನು ವಾಪಸು ಕೊಡುವುದೂ ಉಂಟು. ಇಲ್ಲಿ ಒಳ್ಳೆಯ ಸಮಾಲೋಚಕರಿದ್ದಾರೆ, ವಿಳಾಸ ಹಿಂದಿನ ಪುಟದಲ್ಲಿ ಬರೆದಿದ್ದೇನೆ.

ಹುದ್ದೆ ನನಗೆ ಸಿಕ್ಕಿದೆ. ಡಿಸೆಂಬರಿನಿಂದ. ಅದಕ್ಕೋಸ್ಕರ ಹೀಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ.

ಗಿಣಿ

ನವೆಂಬರ್ ೧

ಸಮಿತಿಯ ವಿಚಾರಣೆ ಹದಿನೆಂಟಕ್ಕೆ. ಬಲಗೈ ಸಾಲು ನೀನು ಬರೆದಾಗ ಗುರುತು ಇರಲಿಲ್ಲ ಎಂದು ಒಂದು ಕಾಗದ ಬರೆದು ಅವರಿಗೆ ಕಳಿಸು. ನಾನು ಒಳ್ಳೆಯವನು ಎಂದು ಬರೆಯಬೇಡ. ಅಷ್ಟನ್ನೇ ಬರೆ.

ನನ್ನ ಸಮಾಲೋಚನೆ ಆಮೇಲೆ ಮಾಡುವೆಯಂತೆ. ಮೊದಲು ನಾವಿಬ್ಬರೂ ಸಮವಾಗಿ ಆಲೋಚನೆ ಮಾಡೋಣ.

ನವೆಂಬರ್ ೨೭

ಅಣ್ಣಾ,

ನಾನು ಆ ಕಾಗದ ಕಳಿಸಲಿಲ್ಲ. ವಿಚಾರಣೆ ನಿನ್ನ ವಿರುದ್ಧ ಹೋಯಿತು ಎಂದು ಘಟಕದಲ್ಲಿ ಹತ್ತೊಂಬತ್ತಕ್ಕೇ ತಿಳಿಯಿತು. ಅಮ್ಮ ಇನ್ನು ಅಲ್ಲೇ.

ಕೆಲಸಕ್ಕೆ ಸೇರುವ ಮೊದಲು ಒಮ್ಮೆ ಅವಳನ್ನು ನೋಡಬೇಕೆನಿಸಿ ಹೋದ ವಾರ ಬಂದೆ. ನೀನಿರುವ ಬೀದಿಯಿಂದ ಎರಡು ತಿರುವು ದಾಟಿದರೆ ಆ ಗೃಹ. ಮನೆಗೆ ಬರಲಿಲ್ಲ, ಲಾಡ್ಜಿನಲ್ಲಿ ಇಳಿದೆ. ಘಟಕದ ಗುರುತುಚೀಟಿ ತೋರಿಸಿದ್ದರಿಂದ ನೇರ ವಾರ್ಡಿಗೇ ಬಿಟ್ಟರು.

ಉದ್ದನೆಯ ಕೋಣೆ, ಎರಡು ಸಾಲು ಮಂಚ, ಕಿಟಕಿ ಎತ್ತರದಲ್ಲಿ. ಫಿನಾಯಿಲ್ ವಾಸನೆ, ಅದರ ಕೆಳಗೆ ಇನ್ನೊಂದು ವಾಸನೆ. ಅಮ್ಮ ಗೋಡೆಯ ಕಡೆ ಕುರ್ಚಿಯಲ್ಲಿದ್ದಳು. ಕುರ್ಚಿಗೆ ಚರ್ಮದ ಬೆಲ್ಟು, ಹಿಂದೆ ಬಕಲು. ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು ಆಯಾ, ಅದಕ್ಕೆ ಡಾಕ್ಟರ ಸಹಿ ಇದೆ ಎಂದರು. ಅಮ್ಮ ತೆಳ್ಳಗಾಗಿದ್ದಾಳೆ. ಮಾತಿಲ್ಲ. ನನ್ನನ್ನು ನೋಡಿದಳು, ಗೋಡೆ ನೋಡುವ ಹಾಗೆಯೇ.

ಆಯಾ ಒಬ್ಬರೇ ಇದ್ದರು. ಹಾಸಿಗೆಗೆ ಸರಿಸಲು ಸ್ವಲ್ಪ ಕೈ ಕೊಡಿ ಮೇಡಂ ಎಂದರು. ನಾನು ಬಲಗಡೆ ಹಿಡಿದೆ. ಅಮ್ಮ ಕೊಸರಿದಳು. ಬಿಟ್ಟರೆ ಬೀಳುತ್ತಾಳಲ್ಲ, ಗಟ್ಟಿಯಾಗಿ ಹಿಡಿದೆ. ಎರಡೇ ಹೆಜ್ಜೆ. ಮಲಗಿಸಿ ಬಂದೆ.

ಮರುದಿನ ಹೊರಡುವ ಮೊದಲು ಮತ್ತೆ ಹೋದೆ. ಅವಳ ಬಲ ಮಣಿಕಟ್ಟಿನ ಮೇಲೆ ನಾಲ್ಕು ನೀಲಿ, ಒಳಗಡೆ ಹೆಬ್ಬೆರಳಿನದು ಒಂದು. ನನ್ನ ಬೆರಳುಗಳನ್ನು ಅವುಗಳ ಮೇಲೆ ಇಟ್ಟು ನೋಡಿದೆ. ಸರಿಯಾಗಿ ಕೂತವು. ನಾನು ಅವಳನ್ನು ಹೊಡೆದಿರಲಿಲ್ಲ ಅಣ್ಣ. ಬೀಳದಿರಲಿ ಎಂದು ಹಿಡಿದಿದ್ದೆ.

ನನ್ನ ಮುಖ ನೋಡಿ ಆಯಾ ಸಮಾಧಾನ ಮಾಡಿದರು. "ನೀವ್ಯಾಕೆ ಹೆದರ್ತೀರಿ ಮೇಡಂ. ಹಳೇದು ಅಂತ ಬರೀತೀನಿ. ಮಗ ಮಾಡಿದ್ದು ಅಂತ ಫೈಲಲ್ಲೇ ಇದೆಯಲ್ಲ."

ನಾನು ಆಗ ಏನು ಹೇಳಬೇಕಿತ್ತೋ ಅದನ್ನು ಹೇಳಲಿಲ್ಲ. ತಲೆಯಾಡಿಸಿದೆನೋ ಇಲ್ಲವೋ ನೆನಪಿಲ್ಲ. ಬಸ್ಸಿನಲ್ಲಿ ಅರ್ಧ ದಾರಿ ಬಂದ ಮೇಲೆ ಇಳಿದು, ವಾಪಸು ಹೋಗಿ, ಇದು ನನ್ನ ಕೈಯದ್ದು ಎಂದು ಅವರ ಪುಸ್ತಕದಲ್ಲಿ ಬರೆಸಿದೆ. ಆಮೇಲೆ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಆ ಮನೆ ನಮ್ಮದು ಎಂದೂ ಹೇಳಿದೆ. ಮೇಡಂ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಎಲ್ಲ ಬರೆಸಿ ಸಹಿ ಹಾಕಿಸಿಕೊಂಡು ನಿಮ್ಮೂರಿನ ಸಮಿತಿಗೆ ಕಳಿಸಿದರು. ನನ್ನ ಓದು ತಡೆಹಿಡಿದಿದ್ದಾರೆ. ಕೆಲಸ ಹೋಯಿತು, ಅದು ಬಿಡು. ಬಾಗಿಲ ತನಕ ಬಂದು ಮೇಡಂ ಹೇಳಿದ್ದು ಇಷ್ಟು: "ನೀನು ಬರೆದ ಸಾಲು ಸುಳ್ಳು ಅಂತ ನಾವು ಹೇಳಬಹುದು. ಫೋಟೋ ಸುಳ್ಳು ಅಂತ ಯಾರು ಹೇಳ್ತಾರಮ್ಮ?"

ನನಗೆ ಉತ್ತರ ಬರೆಯಲೇಬೇಕೆಂದಿಲ್ಲ.

ಗಿಣಿ

ಡಿಸೆಂಬರ್ ೧೫

ಗಿಣೀ,

ಮರುಪರಿಶೀಲನೆ ಮುಗಿಯಿತು. ನಿನ್ನ ಕಾಗದ ಓದಿದರು. ದೂರಿನ ಸಾಲು ಸುಳ್ಳಿರಬಹುದು, ಚಿತ್ರದಲ್ಲಿರುವ ಗುರುತು ಸುಳ್ಳಲ್ಲ ಎಂದು ತೀರ್ಮಾನಿಸಿದರು. ನಿಮ್ಮ ಮೇಡಂ ಬುದ್ಧಿವಂತರು, ಸಮಿತಿಗಿಂತ ಮೊದಲೇ ತೀರ್ಪು ಬರೆದಿದ್ದಾರೆ. ಮೊದಲ ದಿನ ಬಂದ ಹೊಸಬರು ಕೆಲಸ ಬಿಟ್ಟು ಬೇರೆಲ್ಲೋ ಸೇರಿದ್ದಾರಂತೆ. ಅವರನ್ನು ಕರೆಸಲು ಮುಂದಿನ ವರ್ಷ ಮತ್ತೆ ಅರ್ಜಿ ಹಾಕಬಹುದಂತೆ. ಹಾಕುತ್ತೇನೆ.

ನನಗೆ ಮಂಗಳವಾರ ಮತ್ತು ಶನಿವಾರ ಅರ್ಧ ಗಂಟೆ ಭೇಟಿ ಕೊಟ್ಟಿದ್ದಾರೆ. ನಡುವೆ ಮೇಜು, ಪಕ್ಕದಲ್ಲಿ ಒಬ್ಬ ಸಿಬ್ಬಂದಿ. ಮುಟ್ಟುವ ಹಾಗಿಲ್ಲ. ಕಳೆದ ಶನಿವಾರ ಅಮ್ಮ ಮೇಜಿನ ಮೇಲೆ ಕೈ ಚಾಚಿದಳು, ನನ್ನ ಕಡೆಗೇ. ಯಾರೆಂದು ತಿಳಿದು ಚಾಚಿದಳೋ ಏನೋ. ನಾನು ಎರಡೂ ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡು ಕೂತೆ. ಸಿಬ್ಬಂದಿ ಬರೆದುಕೊಂಡರು. ಅಕ್ಷರ ತಲೆಕೆಳಗಾಗಿದ್ದರೂ ಓದುವುದು ನನ್ನ ಕಸುಬಲ್ಲವಾ: ಮಗ ಪ್ರತಿಕ್ರಿಯಿಸಲಿಲ್ಲ.

ನಿನ್ನ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳೋಣ ಎಂದರೆ ಹೊಟ್ಟೆಯಲ್ಲಿ ಇನ್ನೂ ಜಾಗವಾಗಿಲ್ಲ. ಮನೆಗೆ ಬಾ ಎಂದು ಬರೆಯಲು ಎರಡು ಸಲ ಹೋದೆ, ಪೆನ್ನು ನಿಂತಿತು. ಲಾಡ್ಜಿನಲ್ಲೇ ಇಳಿದುಕೋ.

ಆದರೆ ಬಾ. ಅವಳ ಉಗುರು ಬೆಳೆದಿವೆ. ನಿದ್ದೆಯಲ್ಲಿ ಕೆನ್ನೆ ಕೆರೆದುಕೊಂಡು ಗಾಯ ಮಾಡಿಕೊಂಡಿದ್ದಾಳೆ. ಅಲ್ಲಿ ಅಷ್ಟು ಜನಕ್ಕೆ ಕತ್ತರಿಸಲು ಅವರಿಗೆ ಕೈ ಸಾಲದು, ಮನೆಯವರು ಯಾರಾದರೂ ಬಂದು ಮಾಡಿ ಎನ್ನುತ್ತಾರೆ. ನಾನು ಮಾಡುವಂತಿಲ್ಲ. ಕೇಳಿ ನೋಡಿದೆ, ನಿನಗೆ ಅಡ್ಡಿಯಿಲ್ಲವಂತೆ.

ಬರುವಾಗ ಸಣ್ಣ ಕತ್ತರಿ ತಾ. ಅವಳ ಕೈಯನ್ನು ಹಿಡಿಯಬೇಡ. ನಿನ್ನ ಅಂಗೈ ಮೇಲೆ ಮಾಡಿ ಅವಳ ಮುಂದೆ ಇಟ್ಟು ಸುಮ್ಮನೆ ಕೂತಿರು. ಸ್ವಲ್ಪ ಹೊತ್ತಾಗುತ್ತದೆ. ಅವಳೇ ತಂದು ಇಡುತ್ತಾಳೆ.

ಅಣ್ಣ